ಟಿವಿ ಕಾರ್ಯಕ್ರಮಗಳ ಪಟ್ಟಿ: ಪತ್ರಿಕೆ ತರಿಸಬೇಕೇ, ರಿಮೋಟಿನ ಗೈಡ್ ಸಾಕೇ?

ಹಾಸನದ ನಮ್ಮ ಮನೆಗೆ ಕೇಬಲ್ ಸಂಪರ್ಕವಿದೆ. ಮೂಡಿಗೆರೆಯಿಂದಾಚೆ ತೋಟದ ಮನೆಯಲ್ಲಿರುವ ಅಕ್ಕನಿಗೆ ಡಿಟಿಎಚ್ ಇದೆ. ನಮ್ಮ ಹಿಂದಿನ ಬೀದಿಯ ನಿವೃತ್ತ ಮೇಷ್ಟರು ತಿಂಗಳು ತಿಂಗಳೂ ಹಣ ಕಟ್ಟುವ ತಾಪತ್ರಯವೇ ಬೇಡವೆಂದು ತಾರಸಿಯ ಮೇಲೆ ಡಿಡಿ ಫ್ರೀ ಡಿಶ್ ಹಾಕಿಸಿಕೊಂಡಿದ್ದಾರೆ. ಹಳೆಯ ಪತ್ರಿಕೆಗಳನ್ನು ಕಟ್ಟು ಕಟ್ಟಿ ಇಟ್ಟುಕೊಳ್ಳುವ ಚಟ ನನಗಿರುವುದರಿಂದ ಮೂರೂ ಮನೆಗಳಿಂದ ನನಗೆ ಆಗಾಗ ಬರುವ ಪ್ರಶ್ನೆ ಒಂದೇ: ಯಾವ ಕಾರ್ಯಕ್ರಮ ಎಷ್ಟು ಗಂಟೆಗೆ ಎಂದು ತಿಳಿಯಲು ಯಾವುದಾದರೂ ಪತ್ರಿಕೆ ತರಿಸುವುದು ಒಳ್ಳೆಯದೋ, ಇಲ್ಲವೇ ರಿಮೋಟಿನಲ್ಲಿರುವ ಗೈಡ್ ಬಟನ್ ಒತ್ತಿದರೆ ಸಾಕೋ?

ಎಲ್ಲರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಮನೆಯಲ್ಲಿ ಈ ಪಟ್ಟಿಯನ್ನು ನೋಡುವವರು ಯಾರು, ಅವರಿಗೆ ಎಷ್ಟು ದಿನ ಮೊದಲೇ ವಿಷಯ ತಿಳಿದಿರಬೇಕು ಎಂಬ ಎರಡು ಸಂಗತಿಗಳನ್ನು ಮೊದಲು ತೀರ್ಮಾನಿಸಿಕೊಂಡರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಸೋಮವಾರದಿಂದ ಶುಕ್ರವಾರದವರೆಗೆ ಅದೇ ಹೊತ್ತಿಗೆ ಬರುವ ಧಾರಾವಾಹಿಯನ್ನಷ್ಟೇ ನೋಡುವವರಿಗೆ ಯಾವ ಪಟ್ಟಿಯೂ ಬೇಡ. ಅವರಿಗೆ ಗಡಿಯಾರವೇ ಪಟ್ಟಿ. ಸಿನಿಮಾ, ಕ್ರಿಕೆಟ್, ಹಬ್ಬದ ವಿಶೇಷ ಕಾರ್ಯಕ್ರಮ, ತಪ್ಪಿಹೋದ ಸಂಚಿಕೆಯ ಮರುಪ್ರಸಾರ ಇವುಗಳನ್ನು ಹಿಂಬಾಲಿಸುವವರಿಗೆ ಮಾತ್ರ ಪಟ್ಟಿಯ ಅಗತ್ಯ ಬೀಳುತ್ತದೆ.

ಪಟ್ಟಿಗಾಗಿಯೇ ಹುಟ್ಟಿದ ಪತ್ರಿಕೆ ಹೇಗಿರುತ್ತದೆ ಎಂಬುದನ್ನು ತಿಳಿದುಕೊಂಡರೆ ನಮ್ಮಲ್ಲಿ ಸಿಗುವುದನ್ನು ಅಳೆಯುವುದು ಸುಲಭ. ಬ್ರಿಟನ್ನಿನ ಬಿಬಿಸಿ ಸಂಸ್ಥೆ 1923ರ ಸೆಪ್ಟೆಂಬರಿನಲ್ಲಿ ‘ರೇಡಿಯೋ ಟೈಮ್ಸ್’ ಎಂಬ ವಾರಪತ್ರಿಕೆಯನ್ನು ಹೊರತಂದಿತು. ಮೊದಲು ರೇಡಿಯೋ ಕಾರ್ಯಕ್ರಮಗಳಿಗೆ ಮೀಸಲಾಗಿದ್ದ ಅದು ಮುಂದೆ ಟೆಲಿವಿಷನ್ನಿನದೂ ಆಯಿತು. 1955ರಲ್ಲಿ ಅಲ್ಲಿ ಐಟಿವಿ ಎಂಬ ಖಾಸಗಿ ವಾಹಿನಿ ಶುರುವಾದಾಗ ಅದರ ಕಾರ್ಯಕ್ರಮಗಳಿಗೆ ‘ಟಿವಿ ಟೈಮ್ಸ್’ ಎಂಬ ಇನ್ನೊಂದು ಪತ್ರಿಕೆ ಬಂದಿತು. ತಮಾಷೆಯೆಂದರೆ 1991ರ ಮಾರ್ಚ್ 1ರವರೆಗೆ ಇದರಲ್ಲಿ ಅದರ ವಾರದ ಪಟ್ಟಿ ಇರುತ್ತಿರಲಿಲ್ಲ, ಅದರಲ್ಲಿ ಇದರದು ಇರುತ್ತಿರಲಿಲ್ಲ. ಇಡೀ ವಾರದ ಕಾರ್ಯಕ್ರಮ ತಿಳಿಯಬೇಕೆಂದರೆ ಎರಡನ್ನೂ ಕೊಳ್ಳಬೇಕಿತ್ತು. ಅಮೆರಿಕದ ‘ಟಿವಿ ಗೈಡ್’ 1953ರ ಏಪ್ರಿಲ್ 3ರಂದು ಹತ್ತು ನಗರಗಳ ಹತ್ತು ಆವೃತ್ತಿಗಳೊಂದಿಗೆ ದೇಶವ್ಯಾಪಿಯಾಗಿ ಆರಂಭವಾಗಿ, ಬೆಳೆಯುತ್ತಾ ಬೆಳೆಯುತ್ತಾ 140ಕ್ಕೂ ಹೆಚ್ಚು ಸ್ಥಳೀಯ ಆವೃತ್ತಿಗಳನ್ನು ಮುದ್ರಿಸುವಂತಾಯಿತು, ಏಕೆಂದರೆ ಒಂದೊಂದು ಊರಿನಲ್ಲಿ ಸಿಗುವ ವಾಹಿನಿಗಳೂ ಅವುಗಳ ವೇಳೆಯೂ ಬೇರೆ. ವಾಹಿನಿಗಳು ನೂರಾರಾಗಿ, ಬಾಕ್ಸಿನೊಳಗೇ ಪಟ್ಟಿ ಬರತೊಡಗಿದ ಮೇಲೆ, 2005ರಲ್ಲಿ ಅದು ಆ ಸ್ಥಳೀಯ ಪಟ್ಟಿಗಳನ್ನೆಲ್ಲ ಕೈಬಿಟ್ಟು ನಟನಟಿಯರ ಸುದ್ದಿ, ಸಂದರ್ಶನಗಳಿಗೆ ಹೆಚ್ಚು ಜಾಗ ಕೊಟ್ಟಿತು.

ಭಾರತದಲ್ಲಿಯೂ ಆಕಾಶವಾಣಿಗೆ ಇಂಥ ಪತ್ರಿಕೆ ಇತ್ತು. 1935ರಿಂದ ‘ದಿ ಇಂಡಿಯನ್ ಲಿಸನರ್’ ಎಂಬ ಹೆಸರಿನಲ್ಲಿ ಬರುತ್ತಿದ್ದುದು 1958ರಲ್ಲಿ ‘ಆಕಾಶವಾಣಿ’ ಎಂಬ ಹೆಸರು ಪಡೆಯಿತು. ಟಿವಿ ಬಂದ ಮೇಲೆ ನಮ್ಮ ಕಡೆ ಬಹುಕಾಲ ಅಂಥದೊಂದರ ಅಗತ್ಯವೇ ಕಾಣಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು. ಆ ದಶಕದ ದಿನಪತ್ರಿಕೆಗಳಲ್ಲಿ ಟಿವಿ ಕಾರ್ಯಕ್ರಮವೆಂದರೆ ಹವಾಮಾನ ವರದಿಯ ಪಕ್ಕದ ನಾಲ್ಕಾರು ಸಾಲು. ಇದ್ದ ಒಂದು ವಾಹಿನಿಗೆ ಅಷ್ಟೇ ಸಾಕಾಗುತ್ತಿತ್ತು. 1994ರಲ್ಲಿ ಉದಯ ಟಿವಿ, 2000ದಲ್ಲಿ ಈಗ ಕಲರ್ಸ್ ಕನ್ನಡ ಎನಿಸಿಕೊಂಡಿರುವ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ, 2007ರಲ್ಲಿ ಸುವರ್ಣ ಬಂದು, ಜೊತೆಗೆ ಸಿನಿಮಾ, ಸಂಗೀತ, ಕ್ರೀಡೆ, ಸುದ್ದಿ ವಾಹಿನಿಗಳು ಸೇರಿಕೊಂಡ ಮೇಲೆ ಒಂದು ದಿನದ ಪಟ್ಟಿಯನ್ನು ಪೂರ್ತಿಯಾಗಿ ಅಚ್ಚು ಹಾಕಲು ಒಂದು ಪುಟವೂ ಸಾಲದಾಯಿತು. ಆದ್ದರಿಂದ ನಾವು ಅಂಗಡಿಯಲ್ಲಿ ಕೈಗೆತ್ತಿಕೊಳ್ಳುವ ಯಾವುದೇ ಅಚ್ಚಿನ ಪಟ್ಟಿಯೂ ಯಾರೋ ಸಂಪಾದಕರು ಆರಿಸಿ ಕೊಟ್ಟದ್ದು. ಏನನ್ನು ಬಿಟ್ಟಿದ್ದಾರೆ ಎಂಬುದನ್ನೇ ಮೊದಲು ನೋಡಬೇಕು.

ದಿನಪತ್ರಿಕೆಯ ಅಂಕಣ

ಮೊದಲೇ ಪತ್ರಿಕೆ ತರಿಸುವ ಮನೆಗೆ ಇದರಿಂದ ಹೆಚ್ಚಿನ ಖರ್ಚಿಲ್ಲ. ಹಿಂದಿನ ದಿನ ಸಂಜೆಯವರೆಗಿನ ಬದಲಾವಣೆಗಳು ಸೇರಿರುವ ಸಾಧ್ಯತೆ ಇರುವುದರಿಂದ ಅಚ್ಚಿನ ಪಟ್ಟಿಗಳ ಪೈಕಿ ಇದೇ ಹೆಚ್ಚು ನಂಬಿಕೆಗೆ ಅರ್ಹ. ಕೊರತೆಯೆಂದರೆ ಜಾಗ: ಸಿನಿಮಾಗಳ ಹೆಸರು, ಕ್ರಿಕೆಟ್ ಪಂದ್ಯ ಇಷ್ಟು ಕೊಟ್ಟು ಕೈತೊಳೆದುಕೊಳ್ಳುತ್ತಾರೆ, ಜಾಹೀರಾತು ಹೆಚ್ಚು ಬಂದ ದಿನ ಅದನ್ನೂ ಎತ್ತಿಬಿಡುತ್ತಾರೆ. ತರಿಸುವ ಮುನ್ನ ಒಂದು ವಾರದ ಏಳೂ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ತಿರುವಿ, ಅಂಕಣ ಏಳೂ ದಿನ ಇದೆಯೇ ಎಂದು ನೋಡಿಕೊಳ್ಳುವುದು ಲೇಸು.

ಮಲೆನಾಡಿನ ತೊಂದರೆ ಬೇರೆ. ಅಕ್ಕನ ತೋಟಕ್ಕೆ ಪೇಪರು ಬಸ್ಸಿನಲ್ಲಿ ಬಂದು, ಕೈಮರದ ಬಳಿಯ ಅಂಗಡಿಯಲ್ಲಿ ಇಳಿದು, ತೋಟಕ್ಕೆ ಬರುವ ಆಳುಗಳ ಕೈಸೇರಿ ಮನೆಗೆ ಮುಟ್ಟುವ ಹೊತ್ತಿಗೆ ಹನ್ನೊಂದು ಗಂಟೆ. ಚಾರ್ಮಾಡಿಯಲ್ಲಿ ಗುಡ್ಡ ಕುಸಿದರೆ ಆ ಕಡೆಯಿಂದ ಬರುವ ಪತ್ರಿಕೆಯ ಮಾತೇ ಆಡಬೇಕಿಲ್ಲ. ಅಷ್ಟು ಹೊತ್ತಿಗೆ ಬೆಳಗಿನ ಸಿನಿಮಾ ಅರ್ಧ ಮುಗಿದಿರುತ್ತದೆ. ಹಾಗಾಗಿ ಪೇಟೆಯ ಮನೆಗೆ ದಿನಪತ್ರಿಕೆ ಸಾಕು, ತೋಟದ ಮನೆಗೆ ಸಾಲದು.

ವಾರಪತ್ರಿಕೆ ಮತ್ತು ಸಿನಿಮಾ ಪತ್ರಿಕೆ

ನಿಜವಾಗಿ ಯೋಚಿಸಿ ತರಿಸಬೇಕಾದ್ದು ಇದು. ವಾರದ ಪಟ್ಟಿಯನ್ನು ಮುಂಗಡವಾಗಿ ಕೊಡುವುದು ಇದರ ಶಕ್ತಿ. ಆ ಮುಂಗಡವೇ ಇದರ ದೌರ್ಬಲ್ಯವೂ ಹೌದು. ಪತ್ರಿಕೆ ಅಚ್ಚಾಗಿ, ಕಟ್ಟು ಬಂದು, ಏಜೆಂಟರಿಂದ ಅಂಗಡಿಗೆ ಸೇರಲು ಕೆಲವು ದಿನ ಬೇಕು. ಹಾಗಾಗಿ ವಾರದ ಕೊನೆಯ ದಿನಗಳ ಪಟ್ಟಿ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹತ್ತು ಹನ್ನೆರಡು ದಿನ ಹಳೆಯದಾಗಿರುವುದು ಅಪರೂಪವಲ್ಲ. ಈ ನಡುವೆ ಪ್ರತಿ ಗುರುವಾರ ಟಿಆರ್‌ಪಿ ಅಂಕಿಗಳು ಹೊರಬೀಳುತ್ತವೆ. ಅಂಕಿ ಕುಸಿದ ಧಾರಾವಾಹಿಯನ್ನು ಅರ್ಧ ಗಂಟೆ ಹಿಂದೆ ಮುಂದೆ ಸರಿಸುವುದು, ಇಲ್ಲವೇ ಅದಕ್ಕೆ ಒಂದು ಗಂಟೆಯ ಮಹಾಸಂಚಿಕೆ ಮಾಡುವುದು ವಾಹಿನಿಗಳಿಗೆ ಮಾಮೂಲು. ದೊಡ್ಡ ರಿಯಾಲಿಟಿ ಶೋ ಆರಂಭವಾಗುವ ವಾರವಂತೂ ಇಡೀ ಸಂಜೆಯ ಸಾಲು ಅದಲುಬದಲಾಗುತ್ತದೆ. ಆ ವಾರದ ಪತ್ರಿಕೆಯ ಪಟ್ಟಿಯನ್ನು ನಾನು ನಂಬುವುದಿಲ್ಲ; ವಾಹಿನಿಯವರೇ ಹಾಕುವ ಪ್ರೋಮೊ ನೋಡಿ ಪೆನ್ಸಿಲಿನಲ್ಲಿ ತಿದ್ದಿಕೊಳ್ಳುತ್ತೇನೆ.

ಹಾಗಾದರೆ ತರಿಸುವುದೇಕೆ? ಓದಿಗಾಗಿ. ಈ ವಾರ ಬರುವ ಹಳೆಯ ಸಿನಿಮಾ ಯಾವ ವರ್ಷದ್ದು, ಕಪ್ಪು ಬಿಳುಪೋ ಬಣ್ಣದ್ದೋ, ಮಕ್ಕಳೊಂದಿಗೆ ಕೂತು ನೋಡಬಹುದೇ, ಮೂರು ಗಂಟೆ ಕೊಡುವಷ್ಟು ಯೋಗ್ಯವೇ ಎಂಬುದನ್ನು ನಾಲ್ಕು ಸಾಲಿನಲ್ಲಿ ಹೇಳುವ ಒಬ್ಬ ಒಳ್ಳೆಯ ಬರಹಗಾರ ಆ ಪತ್ರಿಕೆಯಲ್ಲಿದ್ದರೆ ಚಂದಾ ಹಣಕ್ಕೆ ಮೋಸವಿಲ್ಲ. ಬಾಕ್ಸಿನ ಗೈಡ್ ವೇಳೆಯನ್ನು ಹೇಳೀತು, ಯೋಗ್ಯತೆಯನ್ನು ಹೇಳದು. ನಮ್ಮ ಪತ್ರಿಕೆಗಳ ಕಿರುತೆರೆ ಪುಟಗಳಲ್ಲಿ ಈ ಬಗೆಯ ಬರಹ ಕಡಿಮೆ. ನಟಿಯ ಹೊಸ ಮನೆಯ ಗೃಹಪ್ರವೇಶಕ್ಕೆ ಸಿಕ್ಕುವಷ್ಟು ಜಾಗ ಸಿನಿಮಾಕ್ಕೆ ಸಿಕ್ಕುವುದಿಲ್ಲ ಎಂಬುದು ನನ್ನ ಬಹುದಿನಗಳ ತಕರಾರು.

ಬಸ್ ನಿಲ್ದಾಣದ ಪತ್ರಿಕೆಯ ಅಂಗಡಿಯಲ್ಲಿ ನಿಂತು ಒಂದು ಸಂಚಿಕೆಯನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಹೇಳುತ್ತೇನೆ. ಮೊದಲು ಮರುಪ್ರಸಾರದ ವೇಳೆ ಕೊಟ್ಟಿದ್ದಾರೆಯೇ ನೋಡಿ. ರಾತ್ರಿಯ ಧಾರಾವಾಹಿ ಮರುದಿನ ಮಧ್ಯಾಹ್ನ ಎಷ್ಟು ಗಂಟೆಗೆ ಮತ್ತೆ ಬರುತ್ತದೆ ಎಂಬ ಒಂದು ಸಾಲು, ಆಷಾಢದಲ್ಲಿ ದಿನಗಟ್ಟಲೆ ಕರೆಂಟು ಕೈಕೊಡುವ ಕೊಪ್ಪ, ಶೃಂಗೇರಿ, ಕಳಸದ ಕಡೆಯವರಿಗೆ ಎರಡು ಪುಟದ ಬಣ್ಣದ ಚಿತ್ರಗಳಿಗಿಂತ ಹೆಚ್ಚು ಉಪಯುಕ್ತ. ಆಮೇಲೆ ಚಂದನ ವಾಹಿನಿಯ ಕಾಲಂ ಇದೆಯೇ ನೋಡಿ. ಖಾಸಗಿ ವಾಹಿನಿಗಳ ಜಾಹೀರಾತನ್ನು ನೆಚ್ಚಿಕೊಂಡ ಪತ್ರಿಕೆಗಳು ಮೊದಲು ಕೈಬಿಡುವುದು ದೂರದರ್ಶನವನ್ನು; 2002ರಿಂದ ನಡೆದುಕೊಂಡು ಬಂದಿರುವ ‘ಥಟ್ ಅಂತ ಹೇಳಿ’ ರಸಪ್ರಶ್ನೆಯನ್ನಾಗಲಿ, ಮೈಸೂರು ದಸರಾದ ಜಂಬೂಸವಾರಿಯ ನೇರಪ್ರಸಾರವನ್ನಾಗಲಿ ಹುಡುಕುವವರಿಗೆ ಅಂಥ ಪಟ್ಟಿಯಿಂದ ಪ್ರಯೋಜನವಿಲ್ಲ. ಪತ್ರಿಕೆಯ ಒಡೆತನದ ಸಂಸ್ಥೆಗೇ ಸ್ವಂತ ವಾಹಿನಿ ಇದ್ದರೆ, ಆ ವಾಹಿನಿಗೆ ಎಷ್ಟು ಜಾಗ, ಉಳಿದವರಿಗೆ ಎಷ್ಟು ಎಂದು ಒಮ್ಮೆ ಕಣ್ಣಾಡಿಸಿ. ಬ್ರಿಟನ್ನಿನ ಓದುಗರು 1991ರವರೆಗೆ ಎರಡು ಪತ್ರಿಕೆ ಕೊಂಡದ್ದು ಇದೇ ಕಾರಣಕ್ಕೆ.

ಇನ್ನೊಂದು ಸೂಕ್ಷ್ಮವಿದೆ, ನಡುರಾತ್ರಿಯದು. ಶನಿವಾರ ರಾತ್ರಿ 12.30ಕ್ಕೆ ಒಂದು ಹಳೆಯ ಸಿನಿಮಾ ಇದೆ ಎಂದುಕೊಳ್ಳಿ. ಪತ್ರಿಕೆಯವರು ಸಾಮಾನ್ಯವಾಗಿ ಒಂದು ದಿನದ ಪಟ್ಟಿಯನ್ನು ಬೆಳಗಿನ ಆರರಿಂದ ಶುರುಮಾಡಿ ಮರುದಿನ ಬೆಳಗಿನ ಜಾವಕ್ಕೆ ಮುಗಿಸುತ್ತಾರೆ. ಆದ್ದರಿಂದ ಅದು ಶನಿವಾರದ ಪಟ್ಟಿಯ ತಳದಲ್ಲಿರುತ್ತದೆ. ಬಾಕ್ಸಿನ ಗೈಡ್ ಹನ್ನೆರಡು ಹೊಡೆದ ಕೂಡಲೇ ತಾರೀಖು ಬದಲಿಸುವುದರಿಂದ ಅಲ್ಲಿ ಅದೇ ಸಿನಿಮಾ ಭಾನುವಾರದ ತಲೆಯಲ್ಲಿ ಕೂತಿರುತ್ತದೆ. ಸೂರ್ಯೋದಯದಿಂದ ಸೂರ್ಯೋದಯಕ್ಕೆ ದಿನ ಎಣಿಸುವ ನಮ್ಮ ಪಂಚಾಂಗದ ಲೆಕ್ಕಕ್ಕೆ ಪತ್ರಿಕೆಯದೇ ಹತ್ತಿರ, ಹಾಗಾಗಿ ಹಿರಿಯರಿಗೆ ಅದೇ ಸಲೀಸು. ಆದರೆ ಒಂದು ವಾರಪತ್ರಿಕೆ ಒಮ್ಮೆ ಗೈಡಿನಿಂದ ನೇರವಾಗಿ ನಕಲು ಮಾಡಿ ‘ಭಾನುವಾರ ರಾತ್ರಿ 12.30’ ಎಂದು ಅಚ್ಚುಹಾಕಿತ್ತು. ನನ್ನ ಅತ್ತೆಯವರು ಭಾನುವಾರ ರಾತ್ರಿ ಕಾಫಿ ಕಾಸಿಕೊಂಡು, ಕಂಬಳಿ ಹೊದ್ದು, ಒಂದು ಗಂಟೆಯವರೆಗೂ ಚರ್ಮಕ್ಕೆ ಹಚ್ಚುವ ಎಣ್ಣೆಯ ಜಾಹೀರಾತು ನೋಡುತ್ತಾ ಕೂತಿದ್ದರು. ಸಿನಿಮಾ ಹಿಂದಿನ ರಾತ್ರಿಯೇ ಮುಗಿದುಹೋಗಿತ್ತು. ಅಂದಿನಿಂದ ನಡುರಾತ್ರಿಯ ಕಾರ್ಯಕ್ರಮವನ್ನು ಯಾವ ದಿನದಡಿ ಹಾಕುತ್ತಾರೆಂದು ನೋಡದೆ ನಾನು ಯಾವ ಪಟ್ಟಿಯನ್ನೂ ಮನೆಯೊಳಗೆ ತರುವುದಿಲ್ಲ.

ಬಾಕ್ಸಿನೊಳಗಿನ ಗೈಡ್

ಸೆಟ್‌ಟಾಪ್ ಬಾಕ್ಸಿನ ಗೈಡ್ ಚಿತ್ರ ಮತ್ತು ಧ್ವನಿಯ ಜೊತೆಯಲ್ಲೇ ಹರಿದುಬರುವ ಮಾಹಿತಿ. ಇದರಲ್ಲಿ ಎರಡು ಬಗೆ: ‘ಈಗ ಯಾವುದು, ಮುಂದೆ ಯಾವುದು’ ಎಂದಷ್ಟೇ ಹೇಳುವುದು ಒಂದು, ಮುಂದಿನ ಹಲವು ದಿನಗಳ ಪೂರ್ಣ ಪಟ್ಟಿಯನ್ನು ಕೊಡುವುದು ಇನ್ನೊಂದು. ಕೊಳ್ಳುವಾಗ ಅಥವಾ ಸಂಪರ್ಕ ಬದಲಿಸುವಾಗ ಅಂಗಡಿಯಲ್ಲೇ ರಿಮೋಟ್ ಹಿಡಿದು, ಗೈಡ್ ಒತ್ತಿ, ಬಲಕ್ಕೆ ಸರಿಸುತ್ತಾ ಹೋಗಿ ಎಷ್ಟು ದಿನದವರೆಗೆ ಪಟ್ಟಿ ಬರುತ್ತದೆ ಎಂದು ನೋಡಿಕೊಳ್ಳಬೇಕು. ಎಲ್ಲ ವಾಹಿನಿಗಳಿಗೂ ಬರುವುದಿಲ್ಲ. ಕೆಲವು ಕನ್ನಡ ಸಿನಿಮಾ ವಾಹಿನಿಗಳ ಎದುರು ಸಿನಿಮಾದ ಹೆಸರಿನ ಬದಲು ‘ಕನ್ನಡ ಮೂವಿ’ ಎಂದಷ್ಟೇ ಇರುವುದನ್ನು ನಾನು ಮೂರೂ ಮನೆಗಳಲ್ಲಿ ಕಂಡಿದ್ದೇನೆ. ಕನ್ನಡ ಸಿನಿಮಾ ವಾಹಿನಿಯಲ್ಲಿ ಕನ್ನಡ ಸಿನಿಮಾ ಬರುತ್ತದೆ ಎಂದು ತಿಳಿಯಲು ಗೈಡ್ ಏಕೆ ಬೇಕು!

ಅಕ್ಷರದ ಸಮಸ್ಯೆ ಇದಕ್ಕಿಂತ ದೊಡ್ಡದು. ನಾನು ನೋಡಿದ ಬಾಕ್ಸುಗಳಲ್ಲಿ ಧಾರಾವಾಹಿಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿ, ಅದೂ ಸಣ್ಣ ಗಾತ್ರದಲ್ಲಿ ಇರುತ್ತವೆ. ನಮ್ಮ ಅತ್ತೆಯವರಿಗೆ ಕನ್ನಡ ಪತ್ರಿಕೆ ಓದುವುದು ನೀರು ಕುಡಿದಷ್ಟು ಸುಲಭ, ಈ ಗೈಡ್ ಮಾತ್ರ ಅವರ ಪಾಲಿಗೆ ಇದ್ದೂ ಇಲ್ಲದಂತೆ. ಪಟ್ಟಿಯನ್ನು ನೋಡುವವರು ಯಾರು ಎಂದು ಮೊದಲೇ ಕೇಳಿದ್ದು ಇದಕ್ಕೇ.

ಫ್ರೀ ಡಿಶ್ ಮೇಷ್ಟರ ಮನೆಯಲ್ಲಿ ನಡೆದ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಪೇಟೆಯಲ್ಲಿ ಕೊಂಡ ಅಗ್ಗದ ಬಾಕ್ಸೊಂದರ ಗೈಡ್, ರಾತ್ರಿ 9ರ ಕಾರ್ಯಕ್ರಮವನ್ನು ಮಧ್ಯಾಹ್ನ 3.30ಕ್ಕೆ ಎಂದು ತೋರಿಸುತ್ತಿತ್ತು. ಅವರು ಇಡೀ ವಾರ ದೂರದರ್ಶನದವರನ್ನು ಬೈದುಕೊಂಡರು. ಕೊನೆಗೆ ನೋಡಿದರೆ ಬಾಕ್ಸಿನ ಸೆಟ್ಟಿಂಗಿನಲ್ಲಿ ಕಾಲವಲಯ ಗ್ರೀನ್‌ವಿಚ್‌ನದಾಗಿತ್ತು. ಭಾರತದ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಪ್ಲಸ್ 5.30 ಎಂದು ಬದಲಿಸಿದ ಕೂಡಲೇ ಎಲ್ಲವೂ ಸರಿಹೋಯಿತು. ಯಾರ ಮನೆಯ ಗೈಡಾದರೂ ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸ ತೋರಿಸಿದರೆ ಕಾರಣ ಇದೇ ಎಂದು ತಿಳಿಯಬಹುದು. ಫ್ರೀ ಡಿಶ್‌ನವರು ಇನ್ನೊಂದನ್ನೂ ನೆನಪಿಡಬೇಕು: ಅಲ್ಲಿ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಪಡೆದು ಬರುವುದರಿಂದ, ಪತ್ರಿಕೆಯ ಪಟ್ಟಿಯಲ್ಲಿರುವ ವಾಹಿನಿ ಅವರ ಟಿವಿಯಲ್ಲಿ ಇರಲೇಬೇಕೆಂದಿಲ್ಲ, ಕಳೆದ ವರ್ಷ ಇದ್ದದ್ದು ಈ ವರ್ಷ ಕಾಣದಿರಬಹುದು.

ಮಳೆಗಾಲದ ಮಾತು ಬಂದರೆ ಗೈಡಿಗೆ ಪತ್ರಿಕೆಯ ಮುಂದೆ ಸೋಲು. ಡಿಟಿಎಚ್‌ನವರು ಬಳಸುವ ಕು-ಬ್ಯಾಂಡ್ ತರಂಗಗಳನ್ನು ದಟ್ಟ ಮಳೆ ಹೀರಿಕೊಳ್ಳುತ್ತದೆ. ಜುಲೈಯಲ್ಲಿ ಮೂಡಿಗೆರೆಯ ಮಳೆ ಜಡಿಯುವಾಗ ಅಕ್ಕನ ಟಿವಿಯ ಪರದೆ ‘ನೋ ಸಿಗ್ನಲ್’ ಎಂದು ನಿಂತುಬಿಡುತ್ತದೆ. ಗೈಡಿನ ಮಾಹಿತಿಯೂ ಅದೇ ತರಂಗದಲ್ಲಿ ಬರಬೇಕಾದ್ದರಿಂದ ಅದೂ ಹೊಸದಾಗಿ ತುಂಬಿಕೊಳ್ಳುವುದಿಲ್ಲ. ತಪ್ಪಿದ ಸಂಚಿಕೆ ನಾಳೆ ಎಷ್ಟು ಹೊತ್ತಿಗೆ ಎಂದು ತಿಳಿಯಬೇಕಾದ ಗಳಿಗೆಯಲ್ಲೇ ಗೈಡ್ ಬಾಯಿ ಮುಚ್ಚಿಕೊಂಡಿರುತ್ತದೆ. ಇದರಲ್ಲಿ ನಮ್ಮ ಊರಿನ ಪಾಲಿಗೆ ಒಂದು ವಿನೋದವೂ ಇದೆ. ಫ್ರೀ ಡಿಶ್ ಬರುವ ಜಿಸ್ಯಾಟ್-15ರಂಥ ಇಸ್ರೊ ಉಪಗ್ರಹಗಳನ್ನು ಕಕ್ಷೆಯಲ್ಲಿ ಹದ್ದುಬಸ್ತಿನಲ್ಲಿಡುವ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ನಮ್ಮ ಹಾಸನದಲ್ಲೇ, ಸಾಲಗಾಮೆ ರಸ್ತೆಯಲ್ಲಿದೆ. ದೇಶದ ಟಿವಿ ಉಪಗ್ರಹಗಳ ಹಗ್ಗ ಹಿಡಿದ ಊರಿನವರೇ ರಾತ್ರಿಯ ಸಿನಿಮಾ ಯಾವುದೆಂದು ಪಕ್ಕದ ಮನೆಯವರನ್ನು ಕೇಳಬೇಕಾಗಿದೆ.

ವಾಹಿನಿಯ ಸಂಖ್ಯೆಯ ಬಗ್ಗೆ ಚಿಕ್ಕ ಸೂಚನೆ: ಒಂದೇ ವಾಹಿನಿಗೆ ಕೇಬಲ್ಲಿನಲ್ಲಿ ಒಂದು ಸಂಖ್ಯೆ, ಡಿಟಿಎಚ್‌ನಲ್ಲಿ ಇನ್ನೊಂದು. ಆದ್ದರಿಂದ ಯಾವ ಪತ್ರಿಕೆಯೂ ಅದನ್ನು ಕೊಡಲಾರದು. ತಮ್ಮ ಮನೆಯ ಸಂಖ್ಯೆಗಳನ್ನು ಒಮ್ಮೆ ಕೈಯಲ್ಲಿ ಬರೆದು ರಿಮೋಟಿನ ಬೆನ್ನಿಗೆ ಅಂಟಿಸಿಟ್ಟರೆ ಪತ್ರಿಕೆಯ ಪಟ್ಟಿಗೆ ಅರ್ಧ ಬಲ ಬರುತ್ತದೆ.

ಮೊಬೈಲ್ ಆ್ಯಪ್‌ಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಜಿಯೋಟಿವಿಯಂಥವುಗಳಲ್ಲಿ ಪಟ್ಟಿಯೂ ಇರುತ್ತದೆ, ಹಲವು ವಾಹಿನಿಗಳ ಕಳೆದ ಏಳು ದಿನಗಳ ಕಾರ್ಯಕ್ರಮಗಳನ್ನು ಹಿಂದೆ ಹೋಗಿ ನೋಡುವ ಅವಕಾಶವೂ ಇದೆ. ಧಾರಾವಾಹಿಗಳಿಗೆ ಜೀ ಕನ್ನಡದವರದು ಜೀ5, ಉದಯದವರದು ಸನ್ ನೆಕ್ಸ್ಟ್, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣದವರದು ಜಿಯೋಹಾಟ್‌ಸ್ಟಾರ್ ಎಂದು ಹಂಚಿಹೋಗಿರುವುದರಿಂದ ಎಲ್ಲವನ್ನೂ ಒಂದೇ ಕಡೆ ಕಾಣುವ ಆಸೆ ಇಲ್ಲಿಯೂ ಕೈಗೂಡದು. ನೆಟ್‌ವರ್ಕ್ ಚೆನ್ನಾಗಿರುವ ಪೇಟೆಯ ತರುಣರಿಗೆ ಇದಕ್ಕಿಂತ ಬೇರೆ ಬೇಡ. ಅಕ್ಕನ ಮನೆಯಲ್ಲಿ ನೆಟ್‌ವರ್ಕ್ ಬೇಕಾದರೆ ಕಾಫಿ ಒಣಗಿಸುವ ಕಣದ ತುದಿಗೆ ನಡೆದುಹೋಗಬೇಕು.

ಈಗ ಆಯ್ಕೆಗೆ ಬರೋಣ. ಪೇಟೆಯಲ್ಲಿರುವ, ಒಬ್ಬರಾದರೂ ಇಂಗ್ಲಿಷ್ ಅಕ್ಷರ ಓದಬಲ್ಲ ಮನೆಗೆ ಗೈಡ್ ಮತ್ತು ದಿನಪತ್ರಿಕೆಯ ಅಂಕಣ ಸಾಕು. ಬರೀ ಪಟ್ಟಿಗಾಗಿ ವಾರಪತ್ರಿಕೆಗೆ ಹಣ ಸುರಿಯಬಾರದು. ಕನ್ನಡವನ್ನು ಮಾತ್ರ ಓದುವ ಹಿರಿಯರಿರುವ ಮನೆಗೆ, ವಿಶೇಷವಾಗಿ ಅವರು ಸಿನಿಮಾ ಪ್ರಿಯರಾಗಿದ್ದರೆ, ಮರುಪ್ರಸಾರದ ವೇಳೆ ಮತ್ತು ನಾಲ್ಕು ಸಾಲಿನ ಪರಿಚಯ ಕೊಡುವ ವಾರಪತ್ರಿಕೆ ಒಳ್ಳೆಯದು, ಗೈಡ್ ಅದನ್ನು ತಾಳೆ ನೋಡಲು ಮಾತ್ರ. ಕ್ರಿಕೆಟ್ ನೋಡುವವರಿಗೆ ಎರಡೂ ಬೇಕಿಲ್ಲ: ಐಪಿಎಲ್ ಪಂದ್ಯ ಸಂಜೆ 7.30ಕ್ಕೆ, ಎರಡು ಪಂದ್ಯವಿರುವ ದಿನ ಮೊದಲನೆಯದು 3.30ಕ್ಕೆ ಎಂಬುದು ಅವರಿಗೆ ಬಾಯಿಪಾಠ. ಮಲೆನಾಡಿನ ತೋಟದ ಮನೆಗಾದರೆ ಮಳೆಗಾಲದ ನಾಲ್ಕು ತಿಂಗಳು ವಾರಪತ್ರಿಕೆ, ಉಳಿದ ಎಂಟು ತಿಂಗಳು ಗೈಡ್ ಎಂದು ನಾನು ಸಲಹೆ ಕೊಟ್ಟಿದ್ದೇನೆ. ವರ್ಷದ ಚಂದಾ ಕಟ್ಟುವ ಬದಲು ಏಜೆಂಟರಿಗೆ ಹೇಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡಿ ಪ್ರತಿ ಹಾಕಿಸಿಕೊಂಡರೆ ಆಯಿತು. ಮಳೆಯಲ್ಲಿ ಒಂದು ವಾರದ ಪ್ರತಿ ಎರಡು ದಿನ ತಡವಾಗಿ ಬಂದರೂ ಉಳಿದ ದಿನಗಳಿಗೆ ಉಪಯೋಗಕ್ಕೆ ಬರುತ್ತದೆ, ದಿನಪತ್ರಿಕೆಗೆ ಆ ಗುಣವಿಲ್ಲ.

ಯಾವುದನ್ನೇ ಆರಿಸುವ ಮುನ್ನ ಒಂದು ವಾರ ಪರೀಕ್ಷೆ ಮಾಡಿ. ಪತ್ರಿಕೆಯ ಪಟ್ಟಿಯಲ್ಲಿ ನಿಮ್ಮ ಮನೆಯವರು ನಿಜವಾಗಿ ನೋಡುವ ಎರಡು ವಾಹಿನಿಗಳನ್ನು ಆರಿಸಿ, ಸಂಜೆ ಆರರಿಂದ ಹತ್ತರವರೆಗೆ ಬಂದದ್ದಕ್ಕೆ ಟಿಕ್ ಹಾಕಿ, ಬದಲಾದದ್ದಕ್ಕೆ ಅಡ್ಡಗೆರೆ ಎಳೆಯಿರಿ. ಗುರುವಾರದ ನಂತರದ ದಿನಗಳಲ್ಲಿ ಅಡ್ಡಗೆರೆ ಹೆಚ್ಚಾದರೆ ಆ ಪತ್ರಿಕೆ ಬಹಳ ಮೊದಲೇ ಪಟ್ಟಿ ಕಟ್ಟುತ್ತದೆ ಎಂದರ್ಥ. ಅಂಥದನ್ನು ಓದಿಗಾಗಿ ತರಿಸಬಹುದು, ವೇಳೆಗಾಗಿ ಅಲ್ಲ.

ಇಷ್ಟೆಲ್ಲ ಆದರೂ ಯಾವ ಪತ್ರಿಕೆಯಲ್ಲಿಯೂ ಯಾವ ಗೈಡಿನಲ್ಲಿಯೂ ಸಿಗದ ಒಂದು ಕಾರ್ಯಕ್ರಮ ಹಾಸನದವರಿಗಿದೆ. ಆಶ್ವಯುಜದಲ್ಲಿ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದನ್ನು ಸ್ಥಳೀಯ ಕೇಬಲ್ ವಾಹಿನಿಯಲ್ಲಿ ತೋರಿಸುತ್ತಾರೆ. ಗೈಡಿನಲ್ಲಿ ಆ ಸಂಖ್ಯೆಯ ಎದುರು ‘ಮಾಹಿತಿ ಇಲ್ಲ’ ಎಂಬರ್ಥದ ಇಂಗ್ಲಿಷ್ ಸಾಲು ಮಾತ್ರ. ಅದರ ವೇಳೆಯನ್ನು ನಮ್ಮ ಅತ್ತೆಯವರು ತಿಂಗಳ ಹಣ ಕೇಳಲು ಬರುವ ಕೇಬಲ್ ಹುಡುಗನನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಕೇಳಿ, ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದಿಡುತ್ತಾರೆ.